ಅಜ್ಜನ ಬಗ್ಗೆ ಏನು ಬರೆಯೋದು? ನಮ್ಮ ಕಡೆಯ ಹಿರಿಯರ ನೆನಪು ಇಲ್ಲಿ ಹೇಳಿ

ರೋಣದ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಅಜ್ಜ ತೀರಿಕೊಂಡರು. ಊರು ರೋಣ ತಾಲೂಕಿನ ಒಂದು ಹಳ್ಳಿ. ಮಣ್ಣಿಗೆ ಸುತ್ತಮುತ್ತಲಿನ ಊರುಗಳಿಂದ ಜನ ಬಂದಿದ್ದರು, ರಾತ್ರಿಯಿಡೀ ಭಜನೆ ನಡೆಯಿತು. ಅಗಸಿ ಹತ್ತಿರ ಫ್ಲೆಕ್ಸ್ ಹಾಕಿಸಿದೆವು. ಫೋಟೋ, ಹೆಸರು, ಜನನ, ಮರಣ, ಕೆಳಗೆ "ಭಾವಪೂರ್ಣ ಶ್ರದ್ಧಾಂಜಲಿ". ಊರಲ್ಲಿ ಯಾರು ಹೋದರೂ ಇದೇ ಫ್ಲೆಕ್ಸ್, ಹೆಸರು ಮಾತ್ರ ಬೇರೆ.

ವರ್ಷದ ಪುಣ್ಯಸ್ಮರಣೆ ಹೊತ್ತಿಗೆ ಒಂದು ಸಣ್ಣ ಪುಸ್ತಕ ಮಾಡಿ ಬೀಗರಿಗೆ, ಬಂಧುಗಳಿಗೆ ಹಂಚೋಣ ಅಂತ ಮನೆಯಲ್ಲಿ ಮಾತಾಗಿದೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. "ಕಷ್ಟಪಟ್ಟು ದುಡಿದರು, ಮಕ್ಕಳನ್ನು ಓದಿಸಿದರು, ಎಲ್ಲರಿಗೂ ಬೇಕಾದವರಾಗಿದ್ದರು" ಅಂತ ಬರೆದರೆ ಅದು ಯಾವ ಅಜ್ಜನಿಗೆ ಬೇಕಾದರೂ ಒಪ್ಪುತ್ತದೆ ಅಲ್ವಾ? ನನಗೆ ಅದರಲ್ಲಿ ನಮ್ಮ ಅಜ್ಜನೇ ಕಾಣಬೇಕು.

ನನಗೆ ಗೊತ್ತಿರುವುದು ಇಷ್ಟು. ಓದಿದ್ದು ಎರಡನೇ ಇಯತ್ತೆ. ಎರಿ ಹೊಲ, ಮಳೆ ನಂಬಿದ ಬೇಸಾಯ. ಹಿಂಗಾರಿಗೆ ಜೋಳ, ಕಡಲೆ, ನಡುನಡುವೆ ಕುಸುಬಿ ಸಾಲು. ಬಿತ್ತುವ ಮುಂಚೆ ಹೊಲಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಮೇಲಿನ ಒಣ ಮಣ್ಣು ಸರಿಸಿ, ಗೇಣುದ್ದ ಆಳದಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತುತ್ತಿದ್ದರು. ಬೆರಳು ಬಿಚ್ಚಿದಾಗ ಉಂಡೆ ಹಾಗೇ ನಿಂತರೆ ಮರುದಿನ ಬಿತ್ತೋಕೆ ಕೂರಿಗಿ ಹೂಡುತ್ತಿದ್ದರು. ಉದುರಿದರೆ "ಇನ್ನೊಂದ್ ಮಳಿ ಬೇಕು" ಅಂತ ಎದ್ದು ಬರುತ್ತಿದ್ದರು. ಅಂಗೈ ಗೆರೆಗಳಲ್ಲಿ ಆ ಕರಿ ಮಣ್ಣು ಸಂಜೆವರೆಗೂ ಇರುತ್ತಿತ್ತು.

ಹುಟ್ಟಿದ ವರ್ಷವೂ ಸರಿಯಾಗಿ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ 01-06-1942 ಅಂತಿದೆ. ಅದು ಸುಳ್ಳು ಅಂತ ಅವರೇ ಹೇಳುತ್ತಿದ್ದರು. ಗದಗ ಜಿಲ್ಲೆ ಆದ ವರ್ಷ ಅವರು ಹೇಳಿದ ಒಂದು ಮಾತು ಅಪ್ಪನಿಗೆ ನೆನಪಿದೆ: "ನಾ ಹುಟ್ಟಿದ ಸಂವತ್ಸರ ತಿರುಗಿ ಬಂತ ನೋಡು." ಇದರಿಂದ ಏನಾದರೂ ತಿಳಿಯುತ್ತದಾ?

ನಿಮ್ಮ ಮನೆಯ ಹಿರಿಯರ ಬಗ್ಗೆ ನೀವು ಏನು ಬರೆದಿಟ್ಟಿದ್ದೀರಿ? ಯಾರನ್ನು, ಏನು ಕೇಳಬೇಕು? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ದಯವಿಟ್ಟು ಹೇಳಿ.

ನವಲಗುಂದದ ನಿವೃತ್ತ ಮೇಷ್ಟ್ರು

ಅಜ್ಜನವರ ಆತ್ಮಕ್ಕೆ ಶಾಂತಿ ಸಿಗಲಿ. ತುಂಬಾ ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ.

ಮೊದಲು ಜೂನ್ 1ರ ವಿಷಯ. ಆಗ ಹುಡುಗನನ್ನು ಶಾಲೆಗೆ ತಂದು ಬಿಡುವವರಿಗೆ ಹುಟ್ಟಿದ ತಾರೀಖು ಗೊತ್ತಿರುತ್ತಿರಲಿಲ್ಲ. ಶಾಲೆ ಶುರುವಾಗುವುದು ಜೂನ್ ತಿಂಗಳಲ್ಲಿ. ವಯಸ್ಸಿನ ಲೆಕ್ಕ ಸರಿಹೋಗಲಿ ಅಂತ ಮಾಸ್ತರರು ಜೂನ್ 1 ಬರೆದುಬಿಡುತ್ತಿದ್ದರು. ನಮ್ಮ ಕಡೆ ಎಷ್ಟೋ ಹಿರಿಯರಿಗೆ ಕಾಗದದ ಮೇಲೆ ಅದೇ ಹುಟ್ಟಿದ ದಿನ. ವರ್ಷವೂ ಅಂದಾಜಿನದ್ದೇ.

ಅಜ್ಜ ಹೇಳಿದ ಸಂವತ್ಸರದ ಮಾತು ಮಾತ್ರ ಪಕ್ಕಾ. ಸಂವತ್ಸರ ಒಟ್ಟು 60. ಒಂದು ಸಲ ಬಂದದ್ದು ಮತ್ತೆ ಬರುವುದು 60 ವರ್ಷಕ್ಕೆ. ಗದಗ ಜಿಲ್ಲೆ ಆಗಿದ್ದು 1997ರ ಆಗಸ್ಟ್‌ನಲ್ಲಿ. ಆ ವರ್ಷದ ಯುಗಾದಿಯಿಂದ ಮುಂದಿನ ಯುಗಾದಿವರೆಗೆ ಈಶ್ವರ ಸಂವತ್ಸರ. ಅದರ ಹಿಂದಿನ ಈಶ್ವರ ಅಂದರೆ 1937ರ ಯುಗಾದಿಯಿಂದ 1938ರ ಯುಗಾದಿವರೆಗೆ. ನಿಮ್ಮ ಅಜ್ಜ ಹುಟ್ಟಿದ್ದು ಆ ಒಂದು ವರ್ಷದೊಳಗೆ. ಆಧಾರ್‌ಗಿಂತ ನಾಲ್ಕೈದು ವರ್ಷ ದೊಡ್ಡವರು. ಯಾವ ಹಬ್ಬದ ಹಿಂದೆ ಮುಂದೆ, ಯಾವ ಮಳೆಯಲ್ಲಿ ಅಂತ ಮನೆಯ ಹಿರಿ ಹೆಂಗಸರನ್ನು ಕೇಳಿ. ತಿಂಗಳೂ ಸಿಗಬಹುದು.

ಇನ್ನೊಂದು ನೋಡಿ. ಅವರು ಮನೆ ಬದಲಿಸಲಿಲ್ಲ, ವಿಳಾಸ ಮಾತ್ರ ಬದಲಾಗುತ್ತಾ ಹೋಯಿತು. ಹುಟ್ಟಿದಾಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ. 1973ಕ್ಕೆ ಕರ್ನಾಟಕ. 1997ಕ್ಕೆ ಗದಗ ಜಿಲ್ಲೆ. ಇದನ್ನು ಪುಸ್ತಕದ ಮೊದಲ ಪುಟದಲ್ಲೇ ಹಾಕಿ. ಮೊಮ್ಮಕ್ಕಳಿಗೆ ಇತಿಹಾಸ ಮನೆ ಬಾಗಿಲಿಗೆ ಬಂದಂತಾಗುತ್ತದೆ.

ರಜಾಕಾರರ, ಅಂದರೆ ಹೈದರಾಬಾದ್ ನಿಜಾಮನ ಪರ ನಿಂತ ಸಶಸ್ತ್ರ ಪಡೆಯವರ, ಕಾಲದ ಬಗ್ಗೆ ಏನಾದರೂ ಹೇಳುತ್ತಿದ್ದರಾ? 1948ರಲ್ಲಿ ಅವರಿಗೆ ಹತ್ತು-ಹನ್ನೊಂದು. ನಿಮ್ಮ ತಾಲೂಕಿನ ಪೂರ್ವಕ್ಕೆ ಆಗ ನಿಜಾಮನ ಸೀಮೆ. ಆ ಕಡೆಯವರು ಗಡಿ ದಾಟಿ ಈ ಕಡೆ ಬಂದು ಉಳಿದಿದ್ದರು. ಮುಂಡರಗಿ, ಗಜೇಂದ್ರಗಡದಲ್ಲಿ ಹೋರಾಟಗಾರರ ಶಿಬಿರಗಳಿದ್ದವು. ಆ ವಯಸ್ಸಿನ ಹುಡುಗ ಅದನ್ನು ಮರೆಯುವುದಿಲ್ಲ.

ರೋಣದ ಮೊಮ್ಮಗ

ಮೇಷ್ಟ್ರೇ, ಕೈ ಮುಗಿಯುತ್ತೇನೆ. ಈಶ್ವರ ಸಂವತ್ಸರ ಅಂದ ಕೂಡಲೇ ಅಪ್ಪ "ಹೌದು, ಹೌದು, ಅದೇ ಹೆಸರು" ಅಂದರು.

ದೊಡ್ಡತ್ತೆಗೆ ಫೋನ್ ಮಾಡಿ ರಜಾಕಾರರ ಬಗ್ಗೆ ಕೇಳಿದೆ. ಅವರಿಗೆ ಗೊತ್ತಿತ್ತು! ರಾತ್ರಿ ಹೊತ್ತು ಗಂಟು ಹೊತ್ತ ಜನ ಊರಿಗೆ ಬರುತ್ತಿದ್ದರಂತೆ. ಅಜ್ಜನ ಅವ್ವ ಯಾವ ಊರು, ಯಾವ ಜಾತಿ ಅಂತ ಕೇಳದೆ ಕಟ್ಟೆ ಮೇಲೆ ರೊಟ್ಟಿ ಬುಟ್ಟಿ ಇಡುತ್ತಿದ್ದರಂತೆ. ಅಜ್ಜನ ಕೆಲಸ ನೀರಿನ ತಂಬಿಗೆ ಹಿಡಿದು ನಿಲ್ಲುವುದು. ಆ ಜನ ಮನೆಯ ಪಡಸಾಲೆಯಲ್ಲಿ ಮಲಗಿ ಬೆಳಗಾಗುವುದರೊಳಗೆ ಎದ್ದು ಹೋಗುತ್ತಿದ್ದರಂತೆ. ಇಷ್ಟು ವರ್ಷ ಈ ಕಥೆ ನಮ್ಮ ಮನೆಯೊಳಗೇ ಇತ್ತು.

ಅಣ್ಣಿಗೇರಿ ಕಡೆಯ ಮಗಳು

ಓದಿ ಕಣ್ಣು ತುಂಬಿತು. ನಮ್ಮಪ್ಪನದೂ ಎರಿ ಹೊಲ, ಕಡಲೆ ಹೊಲ. ನಾನು ಬರೆದಿಟ್ಟಿರುವುದು ಕಡಲೆ ಹುಳಿಯ ಬಗ್ಗೆ.

ಚಳಿಗಾಲದಲ್ಲಿ ಕಡಲೆ ಗಿಡದ ಮೇಲೆ ಹುಳಿ ಒಸರುತ್ತದೆ. ಗಿಡ ಮುಟ್ಟಿ ಬೆರಳು ನೆಕ್ಕಿದರೆ ಗೊತ್ತಾಗುತ್ತದೆ. ಅಪ್ಪ ಸಂಜೆ ಒಗೆದ ಬಿಳಿ ಧೋತರವನ್ನು ಗಿಡಗಳ ಮೇಲೆ ಹಾಸಿ ಬರುತ್ತಿದ್ದರು. ಬೆಳಗಿನ ಜಾವ ಇಬ್ಬನಿ ಜೊತೆ ಹುಳಿಯೂ ಬಟ್ಟೆಗೆ ಇಳಿದಿರುತ್ತಿತ್ತು. ಬಿಸಿಲು ಏರುವ ಮುಂಚೆ ಹೋಗಿ ಹಿಂಡಬೇಕು. ಒಂದು ತುದಿ ಅಪ್ಪ ಹಿಡಿಯುತ್ತಿದ್ದರು, ಇನ್ನೊಂದು ತುದಿ ನಾನು. ಕೈ ಮರಗಟ್ಟುತ್ತಿತ್ತು. ಸಣ್ಣ ಗಾಯ ಇದ್ದರೆ ಉರಿ ಬೇರೆ. ಆ ಹುಳಿಯನ್ನು ಬಾಟಲಿಯಲ್ಲಿ ತುಂಬಿ ಅಡುಗೆಮನೆ ಗೂಡಿನಲ್ಲಿ ಇಡುತ್ತಿದ್ದರು. ಹೊಟ್ಟೆನೋವು, ಅಜೀರ್ಣ ಅಂತ ಯಾರಾದರೂ ಬಂದರೆ ಅರ್ಧ ಚಮಚ ನೀರಿಗೆ ಹಾಕಿ ಕೊಡುವುದು. ಓಣಿಯವರೆಲ್ಲ ಬರುತ್ತಿದ್ದರು. ದುಡ್ಡು ತಗೊಂಡಿದ್ದು ನಾನು ನೋಡಿಲ್ಲ.

ಅಪ್ಪ ಹೋದ ಮೇಲೆ ಯಾರೂ ಧೋತರ ಹಾಸಿಲ್ಲ. ಈಗ ಔಷಧ ಹೊಡೆದ ಕಡಲೆ. ಹಾಸಿದರೂ ಕುಡಿಯೋಕೆ ಧೈರ್ಯ ಬರಲ್ಲ.

ಧಾರವಾಡದಲ್ಲಿ ಕೃಷಿ ಓದಿದವ

ಕಡಲೆ ಹುಳಿ ವಿಷಯ ಪೂರಾ ನಿಜ. ಎಲೆ ಮೇಲಿನ ಸಣ್ಣ ಕೂದಲುಗಳಿಂದ ಬರುವ ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಅದು.

ರೋಣದ ಮಿತ್ರರೇ, ಅಜ್ಜ ಕುಸುಬಿ ಎಲ್ಲಿ ಹಾಕುತ್ತಿದ್ದರು ಅಂತ ವಿಚಾರಿಸಿ. ಬದುವಿನ ಗುಂಟ ಹಾಕುತ್ತಿದ್ದರೆ ಅದು ಬೇಲಿ. ಕುಸುಬಿ ಮುಳ್ಳಿಗೆ ದನ ಒಳಗೆ ಬರಲ್ಲ. ಜೋಳದ ನಡುವೆ ಸಾಲು ಬಿಟ್ಟು ಹಾಕುತ್ತಿದ್ದರೆ ಅದು ಅಕ್ಕಡಿ. ಒಂದು ಬೆಳೆ ಕೈ ಕೊಟ್ಟರೂ ಇನ್ನೊಂದು ಉಳಿಸುತ್ತದೆ, ಮನೆಗೆ ಎಣ್ಣೆಯೂ ಆಗುತ್ತದೆ. ಎರಡನೇ ಇಯತ್ತೆ ಓದಿದವರು ಅಂತ ನೀವು ಬರೆದಿದ್ದೀರಿ. ಮಣ್ಣನ್ನು ಹಾಗೆ ಒತ್ತಿ ನೋಡಿ ತೇವ ಹೇಳುವುದನ್ನು ನಮಗೆ ಕಾಲೇಜಿನಲ್ಲಿ ಕಲಿಸಿದರು.

ನಿಮ್ಮ ಮನೆಯಲ್ಲಿ ಹಗೇವು, ಅಂದರೆ ಕಾಳು ತುಂಬುವ ನೆಲದ ಗುಂಡಿ, ಇತ್ತಾ?

ರೋಣದ ಮೊಮ್ಮಗ

ಇತ್ತು. ಈಗ ಮುಚ್ಚಿ ಮೇಲೆ ಬಂಡೆ ಹಾಸಿದ್ದಾರೆ. ನಾನು ಸಣ್ಣವನಿದ್ದಾಗ ಒಂದು ಸಲ ತೆಗೆದದ್ದು ನೋಡಿದ್ದೇನೆ.

ಧಾರವಾಡದಲ್ಲಿ ಕೃಷಿ ಓದಿದವ

ಹಾಗಾದರೆ ಅದನ್ನು ಬಿಡಬೇಡಿ, ವಿವರವಾಗಿ ಬರೆಯಿರಿ. ಈಗಿನ ಮಕ್ಕಳಿಗೆ ನೆಲದೊಳಗೆ ಜೋಳ ತುಂಬುತ್ತಿದ್ದರು ಅಂದರೆ ನಂಬೋಕೇ ಆಗಲ್ಲ. ಬಾಯಿ ಸಣ್ಣದು, ಒಳಗೆ ಅಗಲ. ಸುತ್ತ ಒಣ ಹುಲ್ಲು ಹಾಸಿ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಮುಗಿಯುತ್ತದೆ, ಇಂಗಾಲದ ಡೈ ಆಕ್ಸೈಡ್ ತುಂಬುತ್ತದೆ. ಹುಳ ಬದುಕಲ್ಲ. ಅದಕ್ಕೇ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ.

ಅದೇ ಗಾಳಿ ಮನುಷ್ಯನಿಗೂ ಯಮ. ಬಾಯಿ ತೆಗೆದ ಕೂಡಲೇ ಇಳಿದು ಜೀವ ಬಿಟ್ಟವರಿದ್ದಾರೆ. ತಿಳಿದವರು ತೆಗೆದು ಹಾಗೇ ಬಿಡುತ್ತಿದ್ದರು. ಆಮೇಲೆ ಕಂದೀಲು ಇಳಿಸುತ್ತಿದ್ದರು. ದೀಪ ಆರಿದರೆ ಇಳಿಯುವ ಹಾಗಿಲ್ಲ.

ರೋಣದ ಮೊಮ್ಮಗ

ಕಂದೀಲು! ಹೌದು. ಅಜ್ಜ ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುತ್ತಿದ್ದರು. ನಾವು ಇಣುಕಿದರೆ ತೊಡೆಗೆ ಒಂದು ಏಟು. ಆಳನ್ನು ಯಾವತ್ತೂ ಮೊದಲು ಇಳಿಸುತ್ತಿರಲಿಲ್ಲ ಅಂತ ಅಪ್ಪ ಈಗ ಹೇಳಿದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತಾವೇ ಇಳಿಯುತ್ತಿದ್ದರಂತೆ. ಇದು ಪುಸ್ತಕಕ್ಕೆ ಖಂಡಿತ ಹೋಗುತ್ತದೆ. ಆ ಜೋಳದ ರೊಟ್ಟಿಗೆ ಒಂದು ಥರ ಘಾಟು ವಾಸನೆ ಇರುತ್ತಿತ್ತು, ನನಗೆ ಆಗ ಸೇರುತ್ತಿರಲಿಲ್ಲ.

ಹುಬ್ಬಳ್ಳಿಯ ಸೊಸೆ

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ಒಂದು ಮಾತು ಹೇಳಲೇಬೇಕು. ಬೇಜಾರಾಗಬೇಡಿ.

ಅಜ್ಜ ಕೂರಿಗಿ ಹೂಡಿದರು ಅಂತ ಬರೆದಿದ್ದೀರಿ. ಬೀಜ ಬಿಟ್ಟವರು ಯಾರು? ನಮ್ಮ ಕಡೆ ಕೂರಿಗಿ ಬಟ್ಟಲಿಗೆ ಕಾಳು ಬಿಡುವವರು ಹೆಂಗಸರು. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ, ಮುಷ್ಟಿಯಿಂದ ಕಾಳು ಒಂದೇ ಸಮ ಬಿಡುತ್ತಾ ಹೊತ್ತು ಮುಳುಗುವವರೆಗೆ ನಡೆಯಬೇಕು. ಸಾಲು ನೆಟ್ಟಗೆ ಬಂದರೆ ಹೆಸರು ಗಂಡಸಿಗೆ. ಸಸಿ ಒತ್ತಾಗಿ ಎದ್ದರೆ ಬೈಗುಳ ಹೆಂಗಸಿಗೆ. ನಮ್ಮತ್ತೆ ಬಸುರಿಯಿದ್ದಾಗಲೂ ಬಿತ್ತಿದ್ದಾರೆ. ಪಹಣಿಯಲ್ಲಿ ಅವರ ಹೆಸರು ಬಂದಿದ್ದು ಮಾವ ತೀರಿಕೊಂಡ ಮೇಲೆ.

ಮಾವನವರ ಬಗ್ಗೆ ಸುಮ್ನೆ ಹೊಗಳಿ ಬರೆಯಬೇಡಿ ಅಂತ ನಮ್ಮ ಮನೆಯಲ್ಲೂ ನಾನು ಹೇಳಿದೆ. ಸಿಟ್ಟು ಬಂದರೆ ತಾಟು ಎಸೆಯುತ್ತಿದ್ದರು. ತಮ್ಮನ ಜೊತೆ ಬದುವಿನ ಜಗಳಕ್ಕೆ ಮಾತು ಬಿಟ್ಟವರು ಸಾಯುವವರೆಗೂ ಆಡಲಿಲ್ಲ. ಹಾಗೇ, ಆಳುಮಗ ಉಣ್ಣದೆ ತಾವು ಉಣ್ಣುತ್ತಿರಲಿಲ್ಲ. ನಾನು ಬಿ.ಎಡ್. ಓದುತ್ತೇನೆ ಅಂದಾಗ ಮನೆಯವರೆಲ್ಲ ಬೇಡ ಅಂದರು, ಅವರೊಬ್ಬರು ಎದ್ದು ಹೋಗಿ ಫೀ ದುಡ್ಡು ತಂದು ನನ್ನ ಕೈಗೆ ಕೊಟ್ಟರು. ಎರಡೂ ಅವರೇ. ಒಂದನ್ನು ಬಿಟ್ಟರೆ ಅವರು ಅಲ್ಲಿ ಇರಲ್ಲ.

ಹಾನಗಲ್ ಹುಡುಗ

ಹೋದವರ ಬಗ್ಗೆ ಅಂಥದ್ದೆಲ್ಲ ಬರೆಯೋದು ಸರಿಯಾ ಅಕ್ಕಾ? ಪುಣ್ಯಸ್ಮರಣೆ ಪುಸ್ತಕ ಅದು. ಬೀಗರ ಕೈಗೆ ಹೋಗುತ್ತೆ.

ಹುಬ್ಬಳ್ಳಿಯ ಸೊಸೆ

ಬೀಗರಿಗೂ ಗೊತ್ತಿರುತ್ತೆ ತಮ್ಮಾ. ತಾಟು ಎಸೆದಾಗ ಅವರೂ ಅಲ್ಲೇ ಇದ್ದರು. ಜಗಳದ ವಿವರ ಬೇಕಾಗಿಲ್ಲ, ಒಪ್ಪುತ್ತೇನೆ. ಸಿಟ್ಟಿನ ಮನುಷ್ಯ ಅಂತ ಒಂದು ಸಾಲು ಇರಲಿ. ಮತ್ತೆ ಅಜ್ಜಿಗೆ ಒಂದು ಅಧ್ಯಾಯ ಪೂರ್ತಿ ಇರಲಿ.

ಬ್ಯಾಡಗಿ ಕಡೆಯವ

ನಮ್ಮ ಕಾಕಾ ಮೆಣಸಿನಕಾಯಿ ಬೆಳೆದವರು. ಡಬ್ಬಿ, ಕಡ್ಡಿ ಎರಡೂ ತಳಿ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ ಬಂತು. ಅದರ ಸುದ್ದಿ ಓದಿ ಹೇಳಿದಾಗ "ನಮ್ಮ ಕಾಯಿ ಕೆಂಪು ಅಂತ ಈಗ ಗೊತ್ತಾತೇನು" ಅಂದಿದ್ದರು.

ಆದರೆ ಅವರ ಜೀವ ಇದ್ದದ್ದು ಹೋರಿಯಲ್ಲಿ. ಹಾವೇರಿ ಕಡೆ ದೀಪಾವಳಿಗೆ ಹೋರಿ ಬೆದರಿಸುವ ಆಟ ನಿಮಗೆ ಗೊತ್ತೇ ಇದೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿ ಬಿಡುತ್ತಾರೆ, ಹುಡುಗರು ಕಿತ್ತುಕೊಳ್ಳೋಕೆ ಬೀಳುತ್ತಾರೆ. ಕಾಕಾನ ಹೋರಿಯ ಕೊಬ್ಬರಿ ಒಬ್ಬರಿಗೂ ಸಿಕ್ಕಿರಲಿಲ್ಲ. ಅದಕ್ಕೆ ಹತ್ತಿಕಾಳು, ಹಿಂಡಿ ಮೊದಲು, ಆಮೇಲೆ ಮನೆಯವರ ಊಟ. ಅದು ಸತ್ತಾಗ ಡೊಳ್ಳು ಬಾರಿಸಿ ಮೆರವಣಿಗೆ ಮಾಡಿ ಹೊಲದಲ್ಲೇ ಮಣ್ಣು ಮಾಡಿದರು. ಊರವರು ಹೂ ತಂದಿದ್ದರು. ಆಮೇಲೆ ಕಾಕಾ ಮೂಲೆ ಹಿಡಿದರು. ಹೊಸ ಹೋರಿ ತಂದುಕೊಡುತ್ತೇವೆ ಅಂದರೂ ಬೇಡ ಅಂದರು. ಮನೆಯಲ್ಲಿ ಕಾಕಾನ ಫೋಟೋ ಪಕ್ಕ ಹೋರಿ ಫೋಟೋವೂ ಇದೆ. ಎರಡಕ್ಕೂ ಮಾಲೆ ಹಾಕುತ್ತೇವೆ.

ನಿಮ್ಮ ಅಜ್ಜನ ಎತ್ತುಗಳ ಹೆಸರು ಬರೆಯಿರಿ. ನಮ್ಮ ಹಿರಿಯರಿಗೆ ಮೊಮ್ಮಕ್ಕಳ ಹೆಸರು ತಪ್ಪುತ್ತಿತ್ತು, ಎತ್ತಿನ ಹೆಸರು ತಪ್ಪುತ್ತಿರಲಿಲ್ಲ.

ನರಗುಂದದ ರೈತನ ಮಗ

ನಮ್ಮಪ್ಪನ ಜೀವನದಲ್ಲಿ ಒಂದು ತಾರೀಖು ಮಾತ್ರ ಖಚಿತ. 1980ರ ಜುಲೈ 21.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಲಪ್ರಭಾ ಕಾಲುವೆ ಬಂತು. ನೀರು ಎಲ್ಲ ಹೊಲಕ್ಕೂ ಸರಿಯಾಗಿ ಬರಲಿಲ್ಲ. ಎರಿ ಭೂಮಿಗೆ ನೀರು ಜಾಸ್ತಿಯಾದ ಕಡೆ ಜವಳು ಬಿತ್ತು, ನೆಲ ಕೆಟ್ಟಿತು. ಅಷ್ಟರಲ್ಲಿ ಸರ್ಕಾರ ನೀರಾವರಿಯಿಂದ ಭೂಮಿ ಸುಧಾರಿಸಿತು ಅಂತ ಹಾಕಿದ ಕರ, ಬೆಟರ್‌ಮೆಂಟ್ ಲೆವಿ, ಕಟ್ಟಿ ಅಂತ ಬೆನ್ನು ಹತ್ತಿತು. ಹತ್ತಿಗೆ ರೇಟ್ ಇರಲಿಲ್ಲ. ರೈತರು ಕಟ್ಟಲ್ಲ ಅಂದರು. ಅವತ್ತು ನವಲಗುಂದದಲ್ಲೂ ನರಗುಂದದಲ್ಲೂ ಗೋಲಿಬಾರ್ ಆಯಿತು. ರೈತರು ಸತ್ತರು, ಪೊಲೀಸರೂ ಸತ್ತರು. ರಾಜ್ಯದಲ್ಲಿ ರೈತ ಸಂಘ ಹುಟ್ಟಿದ್ದು ಅದರ ಬೆನ್ನಿಗೇ.

ಅಪ್ಪ ಅವತ್ತು ಆ ಗುಂಪಿನಲ್ಲಿದ್ದರು. ಅಂಗಿ ಹರಿದು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದರು ಅಂತ ಅವ್ವ ಹೇಳುತ್ತಿದ್ದಳು. ಎಷ್ಟೋ ದಿನ ಹಗಲು ಮನೆಗೆ ಬರಲಿಲ್ಲ, ಹೊಲದ ಮೆದೆಯಲ್ಲಿ ಮಲಗುತ್ತಿದ್ದರು. ಅದರ ಬಗ್ಗೆ ಅವರು ನಮ್ಮ ಹತ್ತಿರ ಮಾತಾಡಲೇ ಇಲ್ಲ. ಆದರೆ ಪ್ರತಿ ಜುಲೈ 21ಕ್ಕೆ ಬಿಳಿ ಅಂಗಿ, ಹಸಿರು ಟವೆಲ್ ಹಾಕಿಕೊಂಡು ಹುತಾತ್ಮರ ವೀರಗಲ್ಲಿಗೆ ಹೋಗಿ ಬರುತ್ತಿದ್ದರು. 2015ರಲ್ಲಿ ಮಹದಾಯಿ ನದಿ ನೀರಿನ ಹೋರಾಟ ಶುರುವಾದಾಗ ಮೊಣಕಾಲು ನೋವಿತ್ತು. ಆದರೂ ಹೋಗಿ ಪೆಂಡಾಲಿನಲ್ಲಿ ಕೂತರು. "ನೀರು ನಮ್ಮ ಕಾಲಕ್ಕ ಬರೂದಿಲ್ಲ. ಕೂಡೂದರ ನಮ್ಮ ಕಾಲಕ್ಕ ಆಗಲಿ" ಅಂದರು. ಅವರ ಮಾತು ಅಂತ ನನ್ನ ಹತ್ತಿರ ಇರುವುದು ಇದೊಂದೇ. ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಬೆಟಗೇರಿಯಿಂದ

ನರಗುಂದದ ಅಣ್ಣ, ನಿಮ್ಮ ತಂದೆಯವರಿಗೆ ಶರಣು.

ನಮ್ಮ ಅಜ್ಜ ಸುಗ್ಗಿ ಮುಗಿದ ಮೇಲೆ ಒಂದು ಚೀಲ ಜೋಳ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕೊಡುತ್ತಿದ್ದರು. ಬರ ಬಿದ್ದ ವರ್ಷ ಅರ್ಧ ಚೀಲ. ಕಣದಿಂದ ರಾಶಿ ಮನೆಗೆ ಬರುವ ಮುಂಚೆಯೇ ಆ ಪಾಲು ಬೇರೆ ತೆಗೆಯಬೇಕು. ಕಣ್ಣಿಲ್ಲದ ಮಕ್ಕಳು ಅಲ್ಲಿ ಉಂಡು, ಸಂಗೀತ ಕಲಿಯುತ್ತಾರೆ ಅಂತ ಅವರಿಗೆ ಅದೊಂದು ವ್ರತ. ಆಶ್ರಮದ ಪುಟ್ಟರಾಜ ಗವಾಯಿಗಳು 2010ರ ಸೆಪ್ಟೆಂಬರ್‌ನಲ್ಲಿ ಲಿಂಗೈಕ್ಯರಾದಾಗ ಅಜ್ಜ ಸಾಲಿನಲ್ಲಿ ರಾತ್ರಿಯಿಡೀ ನಿಂತು ದರ್ಶನ ಮಾಡಿಬಂದರು. ಅಜ್ಜ ಈಗಿಲ್ಲ. ಅಪ್ಪ ಈಗಲೂ ಚೀಲ ಕೊಡುತ್ತಾರೆ.

ಲಕ್ಷ್ಮೇಶ್ವರದವ

ಯಾರೂ ಹೆಳವರ ಬಗ್ಗೆ ಹೇಳಲೇ ಇಲ್ಲವಲ್ಲ!

ಮನೆತನದ ಚರಿತ್ರೆ ಬೇಕಾದರೆ ಹೆಳವರನ್ನು ಹಿಡಿಯಬೇಕು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬರುತ್ತಿದ್ದರು, ಈಗ ಬೈಕಿನಲ್ಲೂ ಬರುತ್ತಾರೆ. ಒಂದೊಂದು ಹೆಳವರ ಮನೆಗೆ ಇಂತಿಂಥ ಮನೆತನ ಅಂತ ಹಂಚಿಕೆ ಇರುತ್ತದೆ. ನಿಮ್ಮ ಮೂಲ ಊರು ಯಾವುದು, ಯಾವ ಬರಕ್ಕೆ ಊರು ಬಿಟ್ಟಿರಿ, ಯಾರಿಗೆ ಎಷ್ಟು ಮಕ್ಕಳು, ಎಲ್ಲ ಅವರ ಪುಸ್ತಕದಲ್ಲಿರುತ್ತದೆ. ಅಂಗಳದಲ್ಲಿ ನಿಂತು ರಾಗವಾಗಿ ಹೇಳುತ್ತಾರೆ. ಜೋಳ, ಬಟ್ಟೆ, ದುಡ್ಡು, ಇದ್ದವರು ಆಕಳು ಕೊಡುವುದು ರೂಢಿ. ನಮ್ಮ ಮನೆಗೆ ಬಂದಾಗ ಮುತ್ತಜ್ಜನ ಹಿಂದಿನ ಹೆಸರುಗಳನ್ನು ಹೇಳಿದರು, ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗಂಡುಮಕ್ಕಳ ಹೆಸರೇ ಜಾಸ್ತಿ. ಹುಬ್ಬಳ್ಳಿ ಅಕ್ಕ ಹೇಳಿದ ಹಾಗೆ ಹೆಣ್ಣುಮಕ್ಕಳ ಹೆಸರನ್ನು ನೀವೇ ಹೇಳಿ ಬರೆಸಬೇಕು.

ಪಾಲು ಆದ ವರ್ಷ ಬೇಕಾದರೆ ತಹಶೀಲ್ದಾರ್ ಕಚೇರಿಯಲ್ಲಿ ಹಳೇ ಹಕ್ಕು ಬದಲಾವಣೆ ನಕಲು ತೆಗೆಸಿ. ತಾರೀಖು ಸಮೇತ ಸಿಗುತ್ತದೆ.

ರೋಣದ ಮೊಮ್ಮಗ

ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಮೊದಲ ಪುಟ ಹೀಗೆ ಬರೆದಿದ್ದೇನೆ, ನೋಡಿ ಹೇಳಿ.

"ನಮ್ಮ ಅಜ್ಜ ಈಶ್ವರ ಸಂವತ್ಸರದಲ್ಲಿ, ಅಂದರೆ 1937-38ರಲ್ಲಿ, ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿ ಹುಟ್ಟಿದರು. ಅದೇ ಮನೆಯಲ್ಲಿ, ಗದಗ ಜಿಲ್ಲೆಯಲ್ಲಿ ತೀರಿಕೊಂಡರು. ಸಿಟ್ಟಿನ ಮನುಷ್ಯ. ಹಗೇವಿಗೆ ಆಳನ್ನು ಇಳಿಸದೆ ತಾವೇ ಇಳಿದವರು. ಅವರು ಹೂಡಿದ ಕೂರಿಗಿಗೆ ಬೀಜ ಬಿಟ್ಟವರು ನಮ್ಮ ಅಜ್ಜಿ. ಜೋಳದ ನಡುವೆ ಕುಸುಬಿ ಅಕ್ಕಡಿ ಹಾಕುತ್ತಿದ್ದರು."

ಅಜ್ಜಿ ಅಧ್ಯಾಯಕ್ಕೆ ದೊಡ್ಡತ್ತೆ ಹತ್ತಿರ ಕೂತು ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಲು ಶುರು ಮಾಡಿದ್ದೇನೆ. ಎತ್ತುಗಳ ಹೆಸರೂ ಸಿಕ್ಕವು. ಅಜ್ಜಿಯೇ ಇಟ್ಟಿದ್ದಂತೆ.

ಹುಬ್ಬಳ್ಳಿಯ ಸೊಸೆ

ಅಜ್ಜಿಯ ಹೆಸರು ಬರೆಯಿರಿ. "ನಮ್ಮ ಅಜ್ಜಿ" ಅಂತ ಬಿಡಬೇಡಿ. ತವರೂರು ಯಾವುದು ಅಂತಲೂ ಹಾಕಿ.

ಧಾರವಾಡದಲ್ಲಿ ಕೃಷಿ ಓದಿದವ

ಎಷ್ಟು ಸಾಲು ಜೋಳಕ್ಕೆ ಒಂದು ಸಾಲು ಕುಸುಬಿ ಅಂತಲೂ ದೊಡ್ಡತ್ತೆಯನ್ನು ಕೇಳಿ. ಬೀಜ ಬಿಟ್ಟವರ ಮಗಳು, ಅವರಿಗೆ ಗೊತ್ತಿರುತ್ತೆ. ಆ ಲೆಕ್ಕ ನಮ್ಮ ಹೊಲಕ್ಕೂ ಬೇಕು.

ಲಕ್ಷ್ಮೇಶ್ವರದವ

ನಮ್ಮ ಮನೆಗೆ ಬರುವ ಹೆಳವರನ್ನು ನಿಮ್ಮ ಕಡೆಗೆ ಯಾರು ಬರುತ್ತಾರೆ ಅಂತ ವಿಚಾರಿಸುತ್ತೇನೆ. ನಿಮ್ಮ ಮನೆತನದ ಹೆಸರು, ಬೆಡಗು (ಕುಲದ ಹೆಸರು) ಎರಡನ್ನೂ ನನಗೆ ಖಾಸಗಿಯಾಗಿ ಕಳಿಸಿ. ಈ ಸುಗ್ಗಿಗೆ ಬಂದರೆ ಅಜ್ಜನ ಹೆಸರಿನ ಜೊತೆ ಅತ್ತೆಯಂದಿರ ಹೆಸರನ್ನೂ ಅವರ ಪುಸ್ತಕದಲ್ಲಿ ಬರೆಸಿ.